ಟಿಂಬರ್ ಕಂಪನಿಯ ಕಾಡಿನಲ್ಲಿ ಬೇಟೆ: ಪರ್ಮಿಟ್‌ಗೆ ದುಡ್ಡು ಕೊಡೋದಾ, ಬೇಡವಾ?

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಈ ವರ್ಷ ಟಿಂಬರ್ ಕಂಪನಿ ಪರ್ಮಿಟ್ ತಗೊಳ್ಳೋದಾ?" ಮರ ಬೆಳೆಸಿ ಮಾರುವ ಕಂಪನಿಗಳ ಖಾಸಗಿ ಕಾಡಿಗೆ ಹೋಗಲು ದುಡ್ಡು ಕೊಟ್ಟು ಕೊಳ್ಳುವ ಅನುಮತಿ ಇದು. ಕೇಳುವವರು ಹೆಚ್ಚಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್, ಟಕೋಮಾ, ಒಲಿಂಪಿಯಾ ಸುತ್ತಮುತ್ತ ಇರುವ ನಮ್ಮವರೇ. ಕೆಲವರು ಕೊಡಗಿನವರು, ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವರು. ಇನ್ನು ಕೆಲವರು ಆಫೀಸಿನ ಗೆಳೆಯರ ಜೊತೆ ಒಂದು ಸಲ ಕಾಡಿಗೆ ಹೋಗಿ ಬಂದು ಆಸೆ ಹತ್ತಿಸಿಕೊಂಡವರು. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತೇಹೋಯಿತು. ಹಾಗಾಗಿ ದುಡ್ಡು ಕೊಟ್ಟು, ಲೈಸೆನ್ಸ್ ತಗೊಂಡು, ಕಂಪನಿಯ ಗೇಟ್ ತೆಗೆದು ಒಳಗೆ ಹೋಗುವ ಈ ಪದ್ಧತಿ ನಮಗೆ ಹೊಸದು.

ನಾನು ಈ ಪರ್ಮಿಟ್ ಕೊಂಡ ವರ್ಷಗಳೂ ಇವೆ, ಬಿಟ್ಟ ವರ್ಷಗಳೂ ಇವೆ. ಯಾರು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ನೀವು ನಿಜವಾಗಿ ಎಷ್ಟು ದಿನ ಹೋಗುತ್ತೀರಿ? ಹೋಗಬೇಕು ಅಂದುಕೊಂಡ ದಿನಗಳನ್ನು ಬಿಡಿ. ಹೋದ ವರ್ಷ ಎಷ್ಟು ದಿನ ಹೋದಿರಿ, ಅದನ್ನು ಹೇಳಿ.

ಯಾಕೆಂದರೆ ವಾಷಿಂಗ್ಟನ್‌ನ ಪಶ್ಚಿಮ ಭಾಗದಲ್ಲಿ ರೈಫಲ್ ಹಿಡಿದು ಜಿಂಕೆಗೆ ಹೋಗುವ ಸೀಸನ್ ಇರೋದೇ ಚಿಕ್ಕದು. ಅಕ್ಟೋಬರ್ ಮಧ್ಯದಿಂದ ತಿಂಗಳ ಕೊನೆಯವರೆಗೆ, ಮತ್ತೆ ನವೆಂಬರ್ ಮಧ್ಯದಲ್ಲಿ ನಾಲ್ಕು ದಿನ. ಆಫೀಸಿಗೆ ಹೋಗುವವರಿಗೆ ಇದರಲ್ಲಿ ಸಿಗೋದು ಮೂರು ವಾರಾಂತ್ಯ, ಒಂದೆರಡು ದಿನ ರಜೆ. ಅದರಲ್ಲಿ ನಿಜವಾಗಿ ಹೋಗೋದು ಆರು ದಿನ ಅಂದುಕೊಳ್ಳಿ. ಪರ್ಮಿಟ್‌ಗೆ 400 ಡಾಲರ್ ಕೊಟ್ಟಿದ್ದರೆ ದಿನಕ್ಕೆ ಸುಮಾರು 67 ಡಾಲರ್ ಬಿತ್ತು. ಲೈಸೆನ್ಸ್, ಪೆಟ್ರೋಲು ಬೇರೆ. ಅದೇ ಪರ್ಮಿಟ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಅಣಬೆ ಹುಡುಕಲು ಹೋಗುತ್ತೀರಿ, ಮಕ್ಕಳನ್ನು ಕರೆದುಕೊಂಡು ಚಳಿಗಾಲದಲ್ಲಿ ಸುತ್ತಾಡುತ್ತೀರಿ, ನವೆಂಬರ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗೂ ಹೋಗುತ್ತೀರಿ ಅಂದರೆ ಅದು ಇಪ್ಪತ್ತು ದಿನವಾಗುತ್ತದೆ, ದಿನಕ್ಕೆ 20 ಡಾಲರ್. ಪರ್ಮಿಟ್ ಒಂದೇ, ಆದರೆ ಒಬ್ಬರಿಗೆ ದುಬಾರಿ, ಇನ್ನೊಬ್ಬರಿಗೆ ಅಗ್ಗ. ಮುಂದೆ ಬರೆದಿರೋದನ್ನೆಲ್ಲ ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಓದಿ.

ಮೊದಲು ಬಿಟ್ಟಿಯಾಗಿದ್ದದ್ದು ಯಾಕೆ ದುಡ್ಡಾಯಿತು

ಇದು ಗೊತ್ತಿದ್ದರೆ ಪರ್ಮಿಟ್‌ನ ಕರಾರು ಪತ್ರ ಅರ್ಥವಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿನ ದೊಡ್ಡ ಟಿಂಬರ್ ಕಂಪನಿ ವೇರ್‌ಹೌಸರ್ 1900ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಯಿಂದ 9 ಲಕ್ಷ ಎಕರೆ ಕಾಡನ್ನು ಎಕರೆಗೆ 6 ಡಾಲರ್‌ನಂತೆ ಕೊಂಡುಕೊಂಡಿತು. ರೈಲ್ವೆಗೆ ಆ ಜಮೀನು ಬಂದದ್ದು ಸರ್ಕಾರದಿಂದ. ಚದುರಂಗದ ಮಣೆಯ ಹಾಗೆ ಒಂದು ಚೌಕ ರೈಲ್ವೆಗೆ, ಪಕ್ಕದ ಚೌಕ ಸರ್ಕಾರಕ್ಕೆ. ಆಮೇಲೆ ಎಷ್ಟೋ ದಶಕ ಈ ಕಂಪನಿ ಕಾಡುಗಳಲ್ಲಿ ಜನ ಸುಮ್ನೆ ಹೋಗಿ ಬೇಟೆಯಾಡುತ್ತಿದ್ದರು. 1967ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಜಮೀನಿನ ಯಜಮಾನ ದುಡ್ಡು ತಗೊಳ್ಳದೆ ಜನರನ್ನು ಒಳಗೆ ಬಿಟ್ಟರೆ, ಅಲ್ಲಿ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೂ ಸಾಮಾನ್ಯವಾಗಿ ಯಜಮಾನನ ಮೇಲೆ ಹೊಣೆ ಬರುವುದಿಲ್ಲ. ದುಡ್ಡು ತಗೊಂಡರೆ ಆ ರಕ್ಷಣೆ ಇಲ್ಲ.

2013ರಲ್ಲಿ ವೇರ್‌ಹೌಸರ್ ವೇಲ್ ಮತ್ತು ಪಿ ಎಲ್ ಎಂಬ ಎರಡು ಕಡೆ ದುಡ್ಡಿನ ಪರ್ಮಿಟ್ ಶುರು ಮಾಡಿತು. ಮಾರನೇ ವರ್ಷ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಕಡೆಗೂ ಬಂತು. ಕಸ ತಂದು ಸುರಿಯೋದು, ಯಂತ್ರಗಳಿಂದ ಡೀಸೆಲ್ ಕದಿಯೋದು, ಗೇಟ್ ಮುರಿಯೋದು, ಇವೆಲ್ಲ ಜಾಸ್ತಿಯಾಗಿದೆ ಅನ್ನೋದು ಕಂಪನಿಗಳು ಹೇಳುವ ಕಾರಣ. ನಾನು ಕಣ್ಣಾರೆ ನೋಡಿದ್ದೇನೆ, ಹಳೆಯ ಸೋಫಾ, ಟಿವಿ ಎಲ್ಲ ಕಾಡಿನ ರಸ್ತೆ ಬದಿಗೆ ಬಿದ್ದಿರುತ್ತವೆ. ಆದರೆ ಅಪ್ಪನ ಕಾಲದಿಂದ ಅದೇ ಗುಡ್ಡಕ್ಕೆ ಹೋಗುತ್ತಿದ್ದ ಇಲ್ಲಿನ ಹಳ್ಳಿಯವರಿಗೆ ಇದು ತುಂಬಾ ನೋವಾದ ವಿಷಯ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆ ಹಿಂದಿನ ಕಾಡಿಗೆ ಯಾರೋ ಬಂದು ಬೀಗ ಹಾಕಿ ಟಿಕೆಟ್ ಕೇಳಿದರೆ ನಮಗೂ ಹಾಗೇ ಆಗುತ್ತದೆ, ಅಲ್ವಾ?

ಹೊಣೆಯ ರಕ್ಷಣೆ ಹೋಗುವುದರಿಂದ ಕಂಪನಿಗಳು ಪರ್ಮಿಟ್ ಜೊತೆ ನಿಮ್ಮಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತವೆ. ಎಲ್ಲರೂ ಓದದೆ ಒತ್ತುವ ಪುಟ ಅದು. ದಯವಿಟ್ಟು ಓದಿ. ಕಾಡು ಮುಚ್ಚಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ಸಾಲು ಅದರಲ್ಲೇ ಇರುತ್ತದೆ.

ದುಡ್ಡು ಕೊಟ್ಟರೆ ಏನು ಸಿಗುತ್ತದೆ

ಜಿಂಕೆ ಸಿಗುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ನೀವು ಕೊಳ್ಳೋದು ರಸ್ತೆಯನ್ನು, ಮತ್ತೆ ಕಡಿಮೆ ಜನರಿರುವ ಜಾಗವನ್ನು. ಪರ್ಮಿಟ್ ಇಷ್ಟೇ ಅಂತ ಲೆಕ್ಕ ಇರುವುದರಿಂದ ಸೀಸನ್ನಿನ ಮೊದಲ ದಿನವೂ ಒಂದು ಗುಡ್ಡಕ್ಕೆ ಹತ್ತು ಜನ ಬರುವುದಿಲ್ಲ.

ಆದರೂ ಕಂಪನಿ ಕಾಡಿನಲ್ಲಿ ಜಿಂಕೆ ಜಾಸ್ತಿ ಅನ್ನೋದು ಸುಳ್ಳಲ್ಲ, ಅದಕ್ಕೆ ಕಾರಣ ಇದೆ. ಇಲ್ಲಿನ ಕಪ್ಪು ಬಾಲದ ಜಿಂಕೆ ದಟ್ಟ ಕಾಡಿನ ನೆರಳಿನಲ್ಲಿ ಮಲಗುತ್ತದೆ, ಮೇಯಲು ಬಿಸಿಲು ಬೀಳುವ ಜಾಗಕ್ಕೆ ಬರುತ್ತದೆ. ಡಗ್ಲಸ್ ಫರ್ ಮರಗಳನ್ನು ಕಂಪನಿಗಳು ಸುಮಾರು 40ರಿಂದ 50 ವರ್ಷಕ್ಕೆ ಕಡಿಯುತ್ತವೆ. ಇಡೀ ಇಳಿಜಾರನ್ನು ಬೋಳು ಮಾಡಿ ಹೊಸ ಸಸಿ ನೆಡುತ್ತಾರೆ, ಅದಕ್ಕೆ ಇಲ್ಲಿ ಕ್ಲಿಯರ್‌ಕಟ್ ಅನ್ನುತ್ತಾರೆ. ಕಡಿದ ಮೂರನೇ ವರ್ಷದಿಂದ ಸುಮಾರು ಹತ್ತನೇ ವರ್ಷದವರೆಗೆ ಅಲ್ಲಿ ಮುಳ್ಳುಹಣ್ಣಿನ ಬಳ್ಳಿ, ಎಳೆ ಚಿಗುರು, ಪೊದೆ ಎಲ್ಲ ಬೇಕಾದಷ್ಟು. ಸಸಿಗಳು ಬೆಳೆದು ಕೊಂಬೆಗೆ ಕೊಂಬೆ ತಾಗಿ ನೆಲಕ್ಕೆ ಬಿಸಿಲು ಬೀಳದಂತಾದ ಮೇಲೆ ಅಲ್ಲಿ ಮೇವಿಲ್ಲ, ಜಿಂಕೆ ಬೇರೆ ಕಡೆಗೆ ಹೋಗುತ್ತದೆ. ಕಂಪನಿ ಕಾಡಿನಲ್ಲಿ ಪ್ರತಿ ವರ್ಷ ಎಲ್ಲೋ ಒಂದು ಕಡೆ ಕಡಿಯುತ್ತಲೇ ಇರುವುದರಿಂದ ಎಲ್ಲ ವಯಸ್ಸಿನ ತುಂಡುಗಳೂ ಸಿಗುತ್ತವೆ. ಸರ್ಕಾರಿ ರಾಷ್ಟ್ರೀಯ ಅರಣ್ಯಗಳಲ್ಲಿ ಹಾಗಿಲ್ಲ. ಚುಕ್ಕೆ ಗೂಬೆಯನ್ನು ಉಳಿಸಲು 1994ರಲ್ಲಿ ಬಂದ ಅರಣ್ಯ ಯೋಜನೆಯಿಂದ ಅಲ್ಲಿ ಮರ ಕಡಿಯೋದು ತುಂಬಾ ಇಳಿಯಿತು. ಗೂಬೆಗೆ ಬೇಕಾದ ಹಳೆಯ ಕಾಡು ಉಳಿಯಿತು, ಬೇಟೆಗೆ ಹೋಗುವವನಿಗೆ ತೆರೆದ ಜಾಗ ಕಡಿಮೆಯಾಯಿತು.

ಸೇಂಟ್ ಹೆಲೆನ್ಸ್ ಕಡೆಯದನ್ನು ಇಲ್ಲಿ ಹೇಳಲೇಬೇಕು. 1980ರ ಮೇ 18ರಂದು ಆ ಜ್ವಾಲಾಮುಖಿ ಸಿಡಿದಾಗ ಕಂಪನಿಯ 68,000 ಎಕರೆ ಕಾಡು ಹೋಯಿತು. ಆಮೇಲೆ ಬೂದಿಯನ್ನು ಕೆರೆದು, ಒಳಗಿನ ಮಣ್ಣು ಹುಡುಕಿ, ಕೈಯಿಂದಲೇ 1 ಕೋಟಿ 84 ಲಕ್ಷ ಸಸಿ ನೆಟ್ಟರು. ಆ ಮರಗಳಿಗೆ ಈಗ ನಲವತ್ತು ದಾಟಿದೆ, ಕಡಿಯುವ ವಯಸ್ಸು. ಮುಂದೆ ಅಲ್ಲಿ ಹೊಸ ಕ್ಲಿಯರ್‌ಕಟ್‌ಗಳು ಬರುತ್ತಲೇ ಇರುತ್ತವೆ. ಜಾಗ ಆಯ್ದುಕೊಳ್ಳುವಾಗ ನಾನು ಇದನ್ನೇ ನೋಡೋದು. ಉಪಗ್ರಹ ಚಿತ್ರ ತೆಗೆದು, ಐದಾರು ವರ್ಷದ ಹಿಂದೆ ಕಡಿದ ಇಳಿಜಾರು ಎಲ್ಲೆಲ್ಲಿವೆ, ಅದರ ಪಕ್ಕದಲ್ಲೇ ದಟ್ಟ ಮರ ಇದೆಯಾ ಅಂತ ಎಣಿಸುತ್ತೇನೆ. ಪರ್ಮಿಟ್ ಪ್ರದೇಶದ ಮುಕ್ಕಾಲು ಭಾಗ ಇಪ್ಪತ್ತು ವರ್ಷದ ಮರಗಳೇ ಆದರೆ ಎಷ್ಟು ಲಕ್ಷ ಎಕರೆ ಇದ್ದರೇನು, ನಿಮಗೆ ಅದರಿಂದ ಪ್ರಯೋಜನವಿಲ್ಲ.

ಬಿಟ್ಟಿ ಜಾಗಗಳು

ಮೊದಲ ವರ್ಷ ಬೇಟೆಗೆ ಹೋಗುವವರು ಯಾರೂ ಕಂಪನಿ ಪರ್ಮಿಟ್ ಕೊಳ್ಳಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಗಿಫರ್ಡ್ ಪಿಂಚೋ ರಾಷ್ಟ್ರೀಯ ಅರಣ್ಯ ಒಂದೇ 13 ಲಕ್ಷ ಎಕರೆಗೂ ಜಾಸ್ತಿ ಇದೆ. ರಾಜ್ಯದ ಲೈಸೆನ್ಸ್, ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಚೀಟಿ) ಇದ್ದರೆ ಸಾಕು, ಬೇಟೆಗೆ ಬೇರೆ ದುಡ್ಡಿಲ್ಲ. ಒಲಿಂಪಿಯಾ ಪಕ್ಕದ ಕ್ಯಾಪಿಟಲ್ ಫಾರೆಸ್ಟ್ ರಾಜ್ಯದ್ದು, 1 ಲಕ್ಷ ಎಕರೆಗೆ ಮೇಲೆ. ಅಲ್ಲಿ ರಾಜ್ಯವೂ ಮರ ಕಡಿದು ಮಾರುತ್ತದೆ, ಹಾಗಾಗಿ ಕ್ಲಿಯರ್‌ಕಟ್‌ಗಳೂ ಇವೆ. ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಬೇಕು. 2011ರಲ್ಲಿ ವರ್ಷಕ್ಕೆ 30 ಡಾಲರ್‌ಗೆ ಶುರುವಾದದ್ದು 2025ರ ಅಕ್ಟೋಬರ್‌ನಿಂದ 45 ಆಗಿದೆ. ಬೇಟೆ ಲೈಸೆನ್ಸ್ ಜೊತೆ ಒಂದು ವಾಹನ ಪಾಸ್ ಕೊಡುತ್ತಾರಲ್ಲ, ಅದು ವನ್ಯಜೀವಿ ಇಲಾಖೆಯ ಜಾಗಗಳಿಗೆ ಮಾತ್ರ. ಅದನ್ನು ಕ್ಯಾಪಿಟಲ್ ಫಾರೆಸ್ಟ್‌ನಲ್ಲಿ ತೂಗುಹಾಕಿ ದಂಡ ಕಟ್ಟಿದವರನ್ನು ಬಲ್ಲೆ.

ಇಲ್ಲಿ ಕಷ್ಟ ಏನಂದರೆ ಜನ. ಸೀಸನ್ ಶುರುವಾಗುವ ಶನಿವಾರ ಕ್ಯಾಪಿಟಲ್ ಫಾರೆಸ್ಟ್‌ನಲ್ಲಿ ನಾಲ್ಕು ಗಂಟೆಗೆ ಹೋದರೂ ನಿಮ್ಮ ಗುಡ್ಡದ ಕೆಳಗೆ ಎರಡು ಗಾಡಿ ನಿಂತಿರುತ್ತವೆ. ಆದರೆ ವಾರದ ಮಧ್ಯೆ, ಮಳೆ ಬರುವ ದಿನ ರಜೆ ಹಾಕಿ ಹೋಗಿ ನೋಡಿ. ಯಾರೂ ಇರುವುದಿಲ್ಲ. ರಜೆ ಹಾಕಲು ಆಗುವವರಿಗೆ ಬಿಟ್ಟಿ ಜಾಗವೇ ಸಾಕು ಅಂತ ನಾನು ಹೇಳೋದು ಇದಕ್ಕೇ.

ರಾಜ್ಯದ ಪೂರ್ವ ಭಾಗಕ್ಕೆ ನಾಲ್ಕೈದು ಗಂಟೆ ಕಾರು ಓಡಿಸಲು ತಯಾರಿದ್ದರೆ ಇನ್ನೊಂದು ದಾರಿ ಇದೆ. ವನ್ಯಜೀವಿ ಇಲಾಖೆ ರೈತರ ಜೊತೆ ಒಪ್ಪಂದ ಮಾಡಿಕೊಂಡು ಖಾಸಗಿ ಹೊಲಗಳನ್ನು ಬೇಟೆಗೆ ತೆರೆದಿದೆ. ಕೆಲವು ಕಡೆ ಸುಮ್ನೆ ಹೋಗಬಹುದು, ಕೆಲವು ಕಡೆ ಗೇಟಿನಲ್ಲಿ ಹೆಸರು ಬರೆಯಬೇಕು, ಕೆಲವಕ್ಕೆ ರೈತನಿಂದಲೇ ಬರೆಸಿಕೊಂಡ ಒಪ್ಪಿಗೆ ಬೇಕು, ಇನ್ನು ಕೆಲವಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ದಿನ ಕಾಯ್ದಿರಿಸಬೇಕು. ಯಾವುದಕ್ಕೂ ದುಡ್ಡಿಲ್ಲ.

ನಡೆದು ಹೋಗುವ ಪರ್ಮಿಟ್, ಗಾಡಿ ಪರ್ಮಿಟ್

ಕಂಪನಿಗಳು ಸಾಮಾನ್ಯವಾಗಿ ಎರಡು ತರಹ ಮಾರುತ್ತವೆ. ಒಂದರಲ್ಲಿ ಗೇಟಿನ ಕೀಲಿ ಅಥವಾ ಕೋಡ್ ಕೊಡುತ್ತಾರೆ, ಗಾಡಿ ಒಳಗೆ ಓಡಿಸಬಹುದು. ಇನ್ನೊಂದರಲ್ಲಿ ಗಾಡಿ ಹೊರಗೆ ನಿಲ್ಲಿಸಿ ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಎರಡನೆಯದರ ಬೆಲೆ ಬಹಳ ಕಡಿಮೆ. ಆದರೂ ಎಲ್ಲರೂ ಗಾಡಿ ಪರ್ಮಿಟ್‌ಗೇ ಮುಗಿಬೀಳುತ್ತಾರೆ, ಜನಪ್ರಿಯ ಜಾಗಗಳದ್ದು ಮಾರಾಟ ತೆರೆದ ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಗುತ್ತದೆ.

ನನಗೆ ಕೇಳಿದರೆ ನಲವತ್ತೈದು ದಾಟದ, ಮೊಣಕಾಲು ಗಟ್ಟಿ ಇರುವ, ಒಬ್ಬರೇ ಅಥವಾ ಇಬ್ಬರೇ ಹೋಗುವ ಜಿಂಕೆ ಬೇಟೆಗಾರರಿಗೆ ನಡಿಗೆ ಪರ್ಮಿಟ್ ಮತ್ತು ಒಂದು ಹಳೆಯ ಮೌಂಟನ್ ಸೈಕಲ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಹೇಳುತ್ತೇನೆ. ಅಕ್ಟೋಬರ್ ಕೊನೆ. ಗೇಟಿನ ಹತ್ತಿರ ಕಾರು ನಿಲ್ಲಿಸಿದಾಗ ಐದೂವರೆ, ಪೂರ್ತಿ ಕತ್ತಲು. ಸೈಕಲ್ ಇಳಿಸಿದೆ. ಮೂರು ಮೈಲಿ ಏರು, ಅದರಲ್ಲಿ ಒಂದು ಮೈಲಿ ತುಳಿದೆ, ಎರಡು ಮೈಲಿ ತಳ್ಳಿದೆ. ಜಲ್ಲಿ ರಸ್ತೆ, ಟಯರಿನ ಕೆಳಗೆ ಕರಕರ ಸದ್ದು. ಮೇಲೆ ಹೋಗಿ ಸೈಕಲನ್ನು ಪೊದೆಗೆ ಒರಗಿಸಿ, ಒದ್ದೆಯಾದ ಬನಿಯನ್ ಬದಲಿಸಿ, ಒಂದು ದೊಡ್ಡ ಕೊರಡಿನ ಹಿಂದೆ ಕೂತೆ. ಮಂಜು ಎದ್ದು ಹೋಗಲು ಏಳೂವರೆ ಆಯಿತು. ಬೂದು ಬಣ್ಣದ ಕೊರಡುಗಳ ಮಧ್ಯೆ ಒಂದು ಕೊರಡು ಕಿವಿ ಆಡಿಸಿತು. ಅಷ್ಟು ಹೊತ್ತು ನಾನು ಅದನ್ನೇ ನೋಡುತ್ತಾ ಕೂತಿದ್ದೆ, ಜಿಂಕೆ ಅಂತ ಗೊತ್ತೇ ಆಗಿರಲಿಲ್ಲ. ಎರಡು ಕವಲಿನ ಕೊಂಬಿನ ಗಂಡು, ನಾನು ಕೂತಿದ್ದ ಜಾಗದಿಂದ ಹೆಚ್ಚೆಂದರೆ ಎಂಬತ್ತು ಗಜ. ಮಾಂಸವನ್ನು ನಾಲ್ಕು ಬಟ್ಟೆ ಚೀಲಕ್ಕೆ ತುಂಬಿ, ಸೈಕಲ್ಲಿಗೆ ಕಟ್ಟಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಕೆಳಗೆ ಬಂದೆ. ಮಧ್ಯಾಹ್ನ ಎರಡಕ್ಕೆ ಕಾರಿನ ಹತ್ತಿರ ಇದ್ದೆ. ಆ ದಿನ ಒಳಗೆ ಒಬ್ಬನೇ ಒಬ್ಬ ಮನುಷ್ಯ ಕಾಣಲಿಲ್ಲ.

ಇ-ಬೈಕ್ ಇದ್ದರೆ ಇನ್ನೂ ಸುಲಭ ಅಂತ ಅನ್ನಿಸುತ್ತದೆ, ಆದರೆ ಕೆಲವು ಕಡೆ ಅದನ್ನು ಮೋಟಾರು ಗಾಡಿ ಅಂತಲೇ ಲೆಕ್ಕ ಹಾಕುತ್ತಾರೆ. ಕೊಳ್ಳುವ ಮುಂಚೆ ನಿಯಮ ನೋಡಿ.

ಎಲ್ಕ್ ವಿಷಯ ಬೇರೆ. ಬಲಿತ ಗಂಡು ರೂಸ್‌ವೆಲ್ಟ್ ಎಲ್ಕ್ 300 ಕಿಲೋಗೂ ಜಾಸ್ತಿ ತೂಗುತ್ತದೆ. ಮೂರು ಮೈಲಿ ಒಳಗೆ ಅದು ಬಿದ್ದರೆ ಇಬ್ಬರು ಸೇರಿ ಹೊತ್ತರೂ ನಾಲ್ಕೈದು ಸಲ ಓಡಾಡಬೇಕು. ಎಲ್ಕ್‌ಗೆ ಹೋಗುವವರು, ವಯಸ್ಸಾದ ಅಪ್ಪನನ್ನೋ ಮಾವನನ್ನೋ ಜೊತೆಗೆ ಕರೆದೊಯ್ಯುವವರು, ಚಿಕ್ಕ ಮಕ್ಕಳಿರುವವರು ಗಾಡಿ ಪರ್ಮಿಟ್‌ಗೆ ದುಡ್ಡು ಕೊಡಿ, ಅದು ದಂಡವಲ್ಲ. ಒಂದೇ ಪರ್ಮಿಟ್‌ನಲ್ಲಿ ಗಂಡ, ಹೆಂಡತಿ, ಹದಿನೆಂಟರ ಒಳಗಿನ ಮಕ್ಕಳು ಎಲ್ಲರೂ ಬರುವುದು ಸಾಮಾನ್ಯ, ಆದರೆ ತಂಗಿ ಗಂಡ, ಗೆಳೆಯ ಬರಲ್ಲ. ಕೆಲವು ಕಡೆ ಸೌದೆ ತರಲು, ಒಳಗೆ ಕ್ಯಾಂಪ್ ಹಾಕಲು ಕೂಡ ಬಿಡುತ್ತಾರೆ. ನಾಲ್ಕು ಜನರ ಮನೆಯವರು ವರ್ಷಪೂರ್ತಿ ಬಳಸಿದರೆ ಇದು ಅಗ್ಗವೇ.

ಇನ್ನು ನಾನು ಕೈ ಸುಟ್ಟುಕೊಂಡದ್ದು. ಒಂದು ವರ್ಷ ಬಿಲ್ಲು ಬಾಣದ ಬೇಟೆಯ ಟ್ಯಾಗ್ ತಗೊಂಡಿದ್ದೆ, ಅದರ ಸೀಸನ್ ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲೇ ಗಾಡಿ ಪರ್ಮಿಟ್ ಕೊಂಡೆ. ಆ ಬೇಸಿಗೆ ಮಳೆಯೇ ಬರಲಿಲ್ಲ. ಬೆಂಕಿಯ ಭಯಕ್ಕೆ ಕಂಪನಿ ಎಲ್ಲ ಗೇಟ್ ಮುಚ್ಚಿತು. ಪ್ರತಿ ಬೆಳಿಗ್ಗೆ ಎದ್ದು ಅವರ ಫೋನ್ ಸಂದೇಶ ಕೇಳುತ್ತಿದ್ದೆ, ಪ್ರತಿ ಬೆಳಿಗ್ಗೆ ಮುಚ್ಚಿದೆ ಅಂತಲೇ. ಗೇಟ್ ತೆರೆಯುವ ಹೊತ್ತಿಗೆ ಸೀಸನ್ನಿನಲ್ಲಿ ಉಳಿದದ್ದು ಐದು ದಿನ. ದುಡ್ಡು ವಾಪಸ್ ಬರಲಿಲ್ಲ, ಬರಲ್ಲ ಅಂತ ಮೊದಲೇ ಬರೆದಿದ್ದರು. ಒಣ ಕಾಡಿಗೆ ಗಾಡಿ ಬಿಟ್ಟು ಬೆಂಕಿ ಬಿದ್ದರೆ ಯಾರು ಹೊಣೆ, ಅವರು ಮುಚ್ಚಿದ್ದು ಸರಿ. ಆದರೆ ಬಿಲ್ಲಿನವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಅಕ್ಟೋಬರ್ ಮಧ್ಯಕ್ಕೆ ಸಾಮಾನ್ಯವಾಗಿ ಮಳೆ ಹಿಡಿದಿರುತ್ತದೆ, ರೈಫಲ್‌ನವರಿಗೆ ಈ ಭಯ ಕಡಿಮೆ.

ಗುತ್ತಿಗೆ ಮತ್ತು ಬೇರೆ ರಾಜ್ಯಗಳು

ಮೂರನೆಯದು ಗುತ್ತಿಗೆ. ಒಂದು ತುಂಡು ಕಾಡು ನಿಮ್ಮ ಗುಂಪಿಗೆ ಮಾತ್ರ. ವಾಷಿಂಗ್ಟನ್‌ನಲ್ಲಿ ನಮ್ಮಂಥವರಿಗೆ ಇದು ಬೇಡ, ಬಿಟ್ಟಿ ಜಾಗ ಇಷ್ಟಿರುವಾಗ. ಆದರೆ ಜಾರ್ಜಿಯಾ, ಅಲಬಾಮಾ, ಟೆಕ್ಸಸ್ ಕಡೆ ಇರುವವರಿಗೆ ಇದೇ ಮುಖ್ಯ ದಾರಿ. ಅಲ್ಲಿ ಕಾಡಿನ ಬಹುಪಾಲು ಖಾಸಗಿ. ಹತ್ತು ಹದಿನೈದು ಜನ ಸೇರಿ ಕ್ಲಬ್ ಮಾಡಿಕೊಂಡು ಎಕರೆಗೆ ಇಷ್ಟು ಅಂತ ವರ್ಷಕ್ಕೆ ಕೊಡುತ್ತಾರೆ. ಅಟ್ಟಣೆ ಹಾಕಬಹುದು, ಮೇವಿನ ಬೆಳೆ ಬಿತ್ತಬಹುದು, ಮಾರನೇ ವರ್ಷವೂ ಅದೇ ಜಾಗ. ಕಂಪನಿ ಹೊಣೆಗಾರಿಕೆ ವಿಮೆ ಕೇಳುತ್ತದೆ, ಅದರ ಖರ್ಚೂ ಸೇರಿಸಿಕೊಳ್ಳಿ. ಮರ ಕಡಿಯುವ ಹಕ್ಕು ಕಂಪನಿಯದೇ. ನೀವು ಅಟ್ಟಣೆ ಕಟ್ಟಿದ ಪೈನ್ ಮರಗಳನ್ನು ಸೀಸನ್ ಮಧ್ಯದಲ್ಲೇ ಕಡಿದರೂ ಕೇಳುವ ಹಾಗಿಲ್ಲ. ಯಾರ ಜೊತೆ ಸೇರುತ್ತೀರಿ ಅನ್ನೋದು ದುಡ್ಡಿಗಿಂತ ಮುಖ್ಯ. ಕೋವಿ ಹಿಡಿದ ಕೈಗಳು ಜಾಗರೂಕವಾಗಿರದ ಗುಂಪಾದರೆ ಎಷ್ಟೇ ಅಗ್ಗವಾದರೂ ಸೇರಬೇಡಿ.

ಮಿಶಿಗನ್, ವಿಸ್ಕಾನ್ಸಿನ್ ಕಡೆಯವರು ಪುಣ್ಯವಂತರು. ಮಿಶಿಗನ್‌ನಲ್ಲಿ ತೆರಿಗೆ ರಿಯಾಯಿತಿ ಪಡೆದ ಕಮರ್ಷಿಯಲ್ ಫಾರೆಸ್ಟ್ ಜಮೀನುಗಳು 20 ಲಕ್ಷ ಎಕರೆಗೂ ಜಾಸ್ತಿ ಇವೆ, ಕಂಪನಿಯದೇ ಆದರೂ ನಡೆದುಕೊಂಡು ಹೋಗಿ ಬೇಟೆಯಾಡಲು ಬಿಡಲೇಬೇಕು. ವಿಸ್ಕಾನ್ಸಿನ್‌ನಲ್ಲೂ ಅಂಥದೇ ಕಾನೂನಿದೆ, ಜಮೀನನ್ನು ತೆರೆದಿಟ್ಟ ಯಜಮಾನನಿಗೆ ತೆರಿಗೆ ಕಡಿಮೆ. ಮೇನ್ ರಾಜ್ಯದ ಉತ್ತರದಲ್ಲಿ ಸುಮಾರು 35 ಲಕ್ಷ ಎಕರೆ ಖಾಸಗಿ ಕಾಡಿಗೆ ಚೆಕ್‌ಪೋಸ್ಟ್‌ನಲ್ಲಿ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಹೋಗಬಹುದು. ದಿನದ ಲೆಕ್ಕ ನನಗೆ ತುಂಬಾ ಇಷ್ಟ. ಇಲ್ಲೂ ಹಾಗಿದ್ದಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.

ವೀಸಾದಲ್ಲಿರುವವರಿಗೆ

ಪರ್ಮಿಟ್‌ಗಿಂತ ಮೊದಲು ಇದು. ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ವಾಷಿಂಗ್ಟನ್‌ನಲ್ಲಿ ಅದರ ಮೇಲೆ ವಿದೇಶಿಯರ ಕೋವಿ ಲೈಸೆನ್ಸ್ ಅಂತ ಇನ್ನೊಂದು ಬೇಕು, ಕೌಂಟಿಯ (ಜಿಲ್ಲೆಯ) ಪೊಲೀಸ್ ಮುಖ್ಯಸ್ಥ ಷೆರಿಫ್ ಹತ್ತಿರ ಅರ್ಜಿ ಹಾಕಬೇಕು. ಗೆಳೆಯನ ರೈಫಲ್ ಅಲ್ವಾ, ಒಂದು ದಿನ ತಾನೇ ಅಂತ ಹಿಡಿದುಕೊಂಡು ಹೋಗಬೇಡಿ. ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು. ಬಿಲ್ಲು ಬಾಣಕ್ಕೆ ಈ ತಂಟೆ ಇಲ್ಲ, ವೀಸಾದಲ್ಲಿರುವ ಹಲವರು ಅದರಿಂದಲೇ ಶುರು ಮಾಡುತ್ತಾರೆ. 1972ರ ಜನವರಿ 1ರ ನಂತರ ಹುಟ್ಟಿದವರಿಗೆ ಲೈಸೆನ್ಸ್ ಕೊಡುವ ಮುಂಚೆ ಬೇಟೆಯ ಶಿಕ್ಷಣ ಕೋರ್ಸ್ ಕಡ್ಡಾಯ. ಚೆನ್ನಾಗಿರುತ್ತದೆ, ಮಗಳನ್ನೋ ಮಗನನ್ನೋ ಜೊತೆಗೆ ಕೂರಿಸಿಕೊಂಡು ಮಾಡಿ.

ಕೊಳ್ಳೋದು ಅಂತ ತೀರ್ಮಾನ ಮಾಡಿದರೆ

ಮಾರಾಟ ತೆರೆಯುವ ದಿನಕ್ಕೆ ವಾರ ಮುಂಚೆ ಖಾತೆ ಮಾಡಿಟ್ಟುಕೊಳ್ಳಿ, ಯಾವ ಪ್ರದೇಶ ಅಂತ ಮೊದಲನೇ ಆಯ್ಕೆ, ಎರಡನೇ ಆಯ್ಕೆ ಬರೆದಿಟ್ಟುಕೊಳ್ಳಿ. ಮನೆಯಿಂದ ಒಂದೂವರೆ ಗಂಟೆಗಿಂತ ದೂರದ್ದನ್ನು ಕೊಳ್ಳಬೇಡಿ. ದೂರ ಇದ್ದರೆ ಹೋಗುವ ದಿನಗಳು ತಾನಾಗಿ ಕಡಿಮೆಯಾಗುತ್ತವೆ, ಮೊದಲು ಹೇಳಿದ ಲೆಕ್ಕ ಕೆಡುತ್ತದೆ. ನಕ್ಷೆಯಲ್ಲಿ ಇನ್ನೊಂದನ್ನು ನೋಡಿ: ಪರ್ಮಿಟ್ ಪ್ರದೇಶದ ಒಳಗೆ ಸರ್ಕಾರಿ ಚೌಕಗಳು ಸಿಕ್ಕಿಕೊಂಡಿವೆಯಾ? ಹಳೆಯ ರೈಲ್ವೆ ಹಂಚಿಕೆಯಿಂದಾಗಿ ಕೆಲವು ಸರ್ಕಾರಿ ಕಾಡಿಗೆ ಕಂಪನಿ ರಸ್ತೆಯಿಂದಲೇ ಹೋಗಬೇಕು. ಅಂಥ ಜಾಗ ಪರ್ಮಿಟ್ ಇದ್ದವರಿಗೆ ಮಾತ್ರ ಸುಲಭ. ನನ್ನ ಒಳ್ಳೆಯ ಜಾಗಗಳಲ್ಲಿ ಎರಡು ಅಂಥವೇ.

ಸೀಸನ್ನಿಗೆ ಮುಂಚೆ ಒಂದು ದಿನ ಕೋವಿ ಇಲ್ಲದೆ ಹೋಗಿ ಬನ್ನಿ. ಯಾವ ಗೇಟಿಗೆ ನಿಮ್ಮ ಕೀಲಿ ಹಿಡಿಯುತ್ತದೆ, ಯಾವ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದಾರೆ, ಈ ವರ್ಷ ಎಲ್ಲಿ ಕಡಿಯುತ್ತಿದ್ದಾರೆ ಅನ್ನೋದು ನಕ್ಷೆಯಲ್ಲಿ ಇರಲ್ಲ. ವಾರದ ದಿನಗಳಲ್ಲಿ ಮರದ ಲಾರಿಗಳು ಒಂಟಿ ರಸ್ತೆಯಲ್ಲಿ ಭಾರ ಹೊತ್ತು ಇಳಿಯುತ್ತವೆ, ನಿಲ್ಲಿಸಲು ಅವರಿಗೆ ಆಗಲ್ಲ. ರಸ್ತೆ ಬದಿಯ ಫಲಕದಲ್ಲಿ ರೇಡಿಯೋ ಚಾನೆಲ್ ನಂಬರ್ ಇರುತ್ತದೆ. ಲಾರಿಯವರು ತಮ್ಮತಮ್ಮಲ್ಲಿ ಮಾತಾಡಲು ಬಳಸುವ ಅಗ್ಗದ ಸಿಬಿ ರೇಡಿಯೋ ಒಂದನ್ನು ಇಟ್ಟುಕೊಂಡು ಆ ಚಾನೆಲ್‌ಗೆ ಹಾಕಿ. ಚಾಲಕರು ಯಾವ ಮೈಲಿಯಲ್ಲಿ ಇದ್ದೇವೆ ಅಂತ ಹೇಳುತ್ತಾ ಬರುತ್ತಾರೆ. ಅವರು ನಾಲ್ಕನೇ ಮೈಲಿ ಅಂದಾಗ ನೀವು ಮೂರರಲ್ಲಿ ಇದ್ದರೆ, ಅಗಲದ ಜಾಗ ಸಿಕ್ಕಿದ ಕಡೆ ಪಕ್ಕಕ್ಕೆ ಹಾಕಿ ನಿಂತುಬಿಡಿ.